ತಗ್ಗಿದವಳ ಗೆಲುವು: ಗೋಲ್ಡ್‌ಸ್ಮಿತ್‌ನ ಒಂದು ನಾಟಕ ಮತ್ತು ನಮ್ಮ ಮನೆಮಾತು

ಕನ್ನಡ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಇಂಗ್ಲಿಷ್ ನಾಟಕವೊಂದರ ವಿಮರ್ಶೆಗೆ ಏನು ಕೆಲಸ ಎಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ ಆಗಿದೆ. ನಮ್ಮ ಉತ್ತರ ಎರಡು ಬಗೆಯದು. ಆ ನಾಟಕವು ಕನ್ನಡಕ್ಕೆ ಹೊರಗಿನದಾಗಿ ಉಳಿದಿಲ್ಲವೆಂಬುದು ಮೊದಲನೆಯದು. ಬಾಗಲಕೋಟೆಯ ಕೆರೂರು ವಾಸುದೇವಾಚಾರ್ಯರು (1866–1921) ಶೇಕ್ಸ್‌ಪಿಯರನ ವೆನಿಸ್ಸಿನ ವರ್ತಕನನ್ನು ‘ಸುರತನಗರದ ಶ್ರೇಷ್ಠಿ’ಯನ್ನಾಗಿಯೂ ರೋಮಿಯೋ ಜೂಲಿಯೆಟರನ್ನು ‘ರಮೇಶ ಲಲಿತಾ’ ಎಂದೂ ಕನ್ನಡಕ್ಕೆ ಕರೆತಂದಂತೆಯೇ, ಆಲಿವರ್ ಗೋಲ್ಡ್‌ಸ್ಮಿತ್‌ನ ‘ಷೀ ಸ್ಟೂಪ್ಸ್ ಟು ಕಾಂಕರ್’ ನಾಟಕವನ್ನು ‘ವಶೀಕರಣ’ ಎಂಬ ಹೆಸರಿನಿಂದ ತಂದರು. ಹೀಗೆ ನೂರು ವರ್ಷಗಳಿಗೂ ಹಿಂದೆಯೇ ಈ ನಾಟಕ ನಮ್ಮ ಮನೆಯ ಅಂಗಳಕ್ಕೆ ಬಂದಿದೆ.

ಎರಡನೆಯ ಉತ್ತರ ಇನ್ನೂ ಹತ್ತಿರದ್ದು. ಮನುಷ್ಯನು ತಾನು ಗೌರವಿಸುವವರೊಡನೆ ಒಂದು ಬಗೆಯ ಮಾತನ್ನೂ, ತನಗಿಂತ ಕೀಳೆಂದು ಬಗೆದವರೊಡನೆ ಇನ್ನೊಂದು ಬಗೆಯ ಮಾತನ್ನೂ ಆಡುತ್ತಾನೆ. ಈ ಎರಡರಲ್ಲಿ ಅವನ ನಿಜವಾದ ಮಾತು ಯಾವುದು? ಮದುವೆಯಾಗಬೇಕಾದ ಹೆಣ್ಣು ಅದನ್ನು ಕಂಡುಕೊಳ್ಳುವುದು ಹೇಗೆ? ಗೋಲ್ಡ್‌ಸ್ಮಿತ್‌ನ ನಾಟಕದ ತಿರುಳು ಈ ಪ್ರಶ್ನೆಯೇ ಎಂಬುದು ನಮ್ಮ ಅಭಿಪ್ರಾಯ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿಯೂ ಕಚೇರಿಯಲ್ಲಿಯೂ ತೆಲುಗು, ನೌಕರಿಗೆ ಇಂಗ್ಲಿಷು ಎಂದು ಮೂರು ಮಾತುಗಳ ನಡುವೆ ಬಾಳುತ್ತಿರುವ ಧರೂರು, ಗದ್ವಾಲ, ಮಕ್ತಲ್, ನಾರಾಯಣಪೇಟೆಗಳ ಕನ್ನಡ ಕುಟುಂಬಗಳಿಗೆ ಈ ಪ್ರಶ್ನೆ ಪರಕೀಯವಾದುದಲ್ಲ.

ಗೋಲ್ಡ್‌ಸ್ಮಿತ್ ನಮ್ಮ ತಲೆಮಾರಿನ ವಿದ್ಯಾವಂತರಿಗೆ ಪರಿಚಿತನೇ. ‘ದಿ ಡೆಸರ್ಟೆಡ್ ವಿಲೇಜ್’ ಕಾವ್ಯದಲ್ಲಿ ಅವನು ಚಿತ್ರಿಸಿರುವ ಹಳ್ಳಿಯ ಶಾಲಾ ಮಾಸ್ತರನನ್ನು ಪಠ್ಯಪುಸ್ತಕಗಳಲ್ಲಿ ಓದಿದವರು, ಓದಿಸಿದವರು ನಮ್ಮಲ್ಲಿ ಅನೇಕರಿದ್ದಾರೆ. ಐರ್ಲೆಂಡಿನಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಬರೆಹವನ್ನೇ ನಂಬಿ ಸಾಲದಲ್ಲಿ ಬದುಕಿದ ಈ ಲೇಖಕನ ನಾಟಕವು 1773ರ ಮಾರ್ಚ್ 15ರಂದು ಲಂಡನ್ನಿನ ಕೋವೆಂಟ್ ಗಾರ್ಡನ್ ರಂಗಮಂದಿರದಲ್ಲಿ ಮೊದಲ ಪ್ರಯೋಗವನ್ನು ಕಂಡಿತು. ಅದನ್ನು ಅವನು ತನ್ನ ಗೆಳೆಯ, ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ನನಿಗೆ ಅರ್ಪಿಸಿದನು. ಮರುವರ್ಷವೇ, 1774ರ ಏಪ್ರಿಲ್ 4ರಂದು, ಅವನು ತೀರಿಕೊಂಡನು. ಆ ಕಾಲದ ಲಂಡನ್ನಿನ ರಂಗಭೂಮಿಯಲ್ಲಿ ಕಣ್ಣೀರು ತರಿಸುವ, ನೀತಿ ಹೇಳುವ ನಾಟಕಗಳಿಗೆ ಮನ್ನಣೆಯಿತ್ತು. ಹಾಸ್ಯನಾಟಕವು ನಗಿಸಬೇಕೇ ಹೊರತು ಅಳಿಸಬಾರದೆಂದು ಗೋಲ್ಡ್‌ಸ್ಮಿತ್ ಆ ವರ್ಷದ ಆರಂಭದಲ್ಲಿಯೇ ಪ್ರಬಂಧವೊಂದರಲ್ಲಿ ವಾದಿಸಿದ್ದನು. ನಾಟಕವು ಆ ವಾದಕ್ಕೆ ಒದಗಿಸಿದ ಪ್ರಮಾಣವಾಯಿತು.

ಕಥೆಯನ್ನು ತಿಳಿಯದವರಿಗಾಗಿ ಸಂಕ್ಷೇಪವಾಗಿ ಹೇಳುತ್ತೇವೆ. ಹಾರ್ಡ್‌ಕ್ಯಾಸಲ್ ಎಂಬ ಹಳ್ಳಿಯ ಜಮೀನುದಾರ. ಹಳೆಯ ಮನೆ, ಹಳೆಯ ಗೆಳೆಯರು, ಹಳೆಯ ಯುದ್ಧದ ಕಥೆಗಳು ಅವನಿಗೆ ಪ್ರಿಯ. ಮಗಳು ಕೇಟ್. ಹಳೆಯ ಗೆಳೆಯ ಸರ್ ಚಾರ್ಲ್ಸ್‌ನ ಮಗ ಮಾರ್ಲೋನನ್ನು ಅಳಿಯನನ್ನಾಗಿ ಮಾಡಿಕೊಳ್ಳಬೇಕೆಂದು ತಂದೆಯ ಇಚ್ಛೆ. ಹುಡುಗನು ತನ್ನ ಮಿತ್ರ ಹೇಸ್ಟಿಂಗ್ಸನೊಡನೆ ಹೆಣ್ಣು ನೋಡಲು ಹೊರಟು, ರಾತ್ರಿ ದಾರಿ ತಪ್ಪಿ ಊರ ಹೆಂಡದಂಗಡಿಗೆ ಬರುತ್ತಾನೆ. ಅಲ್ಲಿ ಕುಳಿತಿದ್ದ ಟೋನಿ ಲಂಪ್‌ಕಿನ್ ಎಂಬವನು ಹಾರ್ಡ್‌ಕ್ಯಾಸಲನ ಹೆಂಡತಿಗೆ ಮೊದಲ ಗಂಡನಿಂದ ಹುಟ್ಟಿದ ಮಗ. ಮಲತಂದೆಯ ಮೇಲೆ ಮುನಿಸುಳ್ಳವನು. ಹಾರ್ಡ್‌ಕ್ಯಾಸಲನ ಮನೆ ಬಹಳ ದೂರವಿದೆ, ಈ ರಾತ್ರಿಗೆ ಹತ್ತಿರದ ವಸತಿಗೃಹದಲ್ಲಿ ಇಳಿದುಕೊಳ್ಳಿ ಎಂದು ಹೇಳಿ ಅವನು ತೋರಿಸುವುದು ಹಾರ್ಡ್‌ಕ್ಯಾಸಲನ ಮನೆಯನ್ನೇ! ಬೀಗನಾಗಬೇಕಾದವನನ್ನು ವಸತಿಗೃಹದ ಯಜಮಾನನೆಂದು ತಿಳಿದ ಯುವಕರು ಅವನ ಆದರವನ್ನೆಲ್ಲ ಅಧಿಕಪ್ರಸಂಗವೆಂದು ಬಗೆದು, ಊಟಕ್ಕೆ ಏನೇನಿದೆ ಎಂದು ಪಟ್ಟಿ ಕೇಳುತ್ತಾರೆ, ಹಾಸಿಗೆ ಒಣಗಿದೆಯೇ ಎಂದು ಪರೀಕ್ಷಿಸಲು ಹೊರಡುತ್ತಾರೆ. ಇತ್ತ ಯಜಮಾನನು ಅತಿಥಿಗಳಿಗಾಗಿ ಹೊಲದಲ್ಲಿ ನೇಗಿಲು ಹಿಡಿದಿದ್ದವನನ್ನು ಕರೆಸಿ ಬಡಿಸುವ ಶಿಸ್ತನ್ನು ಕಲಿಸುತ್ತಿರುತ್ತಾನೆ. ಬೀಗರು ಬರುವ ಮನೆಯ ಗಡಿಬಿಡಿಯನ್ನು ಬಲ್ಲ ನಮ್ಮವರಿಗೆ ಈ ದೃಶ್ಯಕ್ಕೆ ವಿವರಣೆಯೇ ಬೇಡ.

ಇಷ್ಟಾದರೆ ಇದೊಂದು ತಮಾಷೆಯ ಪ್ರಹಸನ ಮಾತ್ರ ಆಗುತ್ತಿತ್ತು. ನಾಟಕಕ್ಕೆ ಆಳವನ್ನು ಕೊಟ್ಟಿರುವುದು ಮಾರ್ಲೋನ ಸ್ವಭಾವ. ಅವನು ತನ್ನ ಅಂತಸ್ತಿನ ಹೆಣ್ಣಿನ ಮುಂದೆ ಬಾಯಿ ಬಿಡಲಾರ. ಸೇವಕಿಯರ ಮುಂದೆ ಅವನಷ್ಟು ವಾಚಾಳಿ ಇಲ್ಲ. ಇದಕ್ಕೆ ಕಾರಣವನ್ನೂ ಅವನೇ ಹೇಳುತ್ತಾನೆ: ತನ್ನ ಬಾಳೆಲ್ಲ ಕಾಲೇಜಿನಲ್ಲಿ, ಇಲ್ಲವೇ ವಸತಿಗೃಹಗಳಲ್ಲಿ ಕಳೆಯಿತು, ಮರ್ಯಾದಸ್ಥ ಹೆಣ್ಣುಮಕ್ಕಳೊಡನೆ ಮಾತನಾಡಿ ಅಭ್ಯಾಸವೇ ಆಗಲಿಲ್ಲ. ಹಾಸ್ಟೆಲಿನಿಂದ ಹಾಸ್ಟೆಲಿಗೆ, ಅಲ್ಲಿಂದ ನಗರದ ಬಾಡಿಗೆ ಕೋಣೆಗೆ ಹೋಗಿ ಬೆಳೆದ ನಮ್ಮ ಹುಡುಗರನ್ನು ಬಲ್ಲವರು ಈ ಮಾತನ್ನು ಸುಮ್ಮನೆ ತಳ್ಳಿಹಾಕಲಾರರು.

ಕೇಟ್ ಮತ್ತು ಮಾರ್ಲೋರ ಮೊದಲ ಭೇಟಿ ನಮ್ಮ ಹೆಣ್ಣು ನೋಡುವ ಶಾಸ್ತ್ರದ ಪಕ್ಕದಲ್ಲಿಟ್ಟು ನೋಡತಕ್ಕದ್ದು. ಶಾಸ್ತ್ರದಲ್ಲಿ ತಲೆ ತಗ್ಗಿಸುವವಳು ಹುಡುಗಿ. ಇಲ್ಲಿ ತಲೆ ತಗ್ಗಿಸುವವನು ಹುಡುಗ. ಅವನು ಆರಂಭಿಸಿದ ವಾಕ್ಯವನ್ನು ಮುಗಿಸಲಾರ. ಅವನು ನಿಲ್ಲಿಸಿದ ಕಡೆಯಿಂದ ಕೇಟ್ ಎತ್ತಿಕೊಂಡು, ತಾವು ಹೇಳಬೇಕೆಂದಿದ್ದುದು ಇದಲ್ಲವೇ ಎಂದು ಸಹಾಯ ಮಾಡುತ್ತ ಅವನ ಮಾತನ್ನು ತಾನೇ ಆಡುತ್ತಾಳೆ. ವಿಷಯವೆಲ್ಲ ಗಂಭೀರವಾದ ನೀತಿ. ಹೇಳಿದ್ದು ಒಂದೂ ನೆನಪಿನಲ್ಲಿ ಉಳಿಯುವಂಥದ್ದಲ್ಲ. ಇದೆಲ್ಲದರ ನಡುವೆ ಅವನು ಅವಳ ಮುಖವನ್ನು ಒಮ್ಮೆಯೂ ಎತ್ತಿ ನೋಡಲಿಲ್ಲ. ಆದುದರಿಂದಲೇ ಸ್ವಲ್ಪ ಹೊತ್ತಿನ ನಂತರ ಅದೇ ಕೇಟ್ ಬೇರೆ ಉಡುಪಿನಲ್ಲಿ ಎದುರಿಗೆ ಬಂದಾಗ ಅವನಿಗೆ ಗುರುತು ಹತ್ತುವುದಿಲ್ಲ. ಇಷ್ಟು ಬೇಗ ಮುಖ ಮರೆಯುವುದುಂಟೇ ಎಂದು ಕೆಲವರು ಆಕ್ಷೇಪಿಸುತ್ತಾರೆ. ನಾಟಕಕಾರನ ಉತ್ತರ ಚೆನ್ನಾಗಿದೆ: ಅವನು ಮರೆಯಲಿಲ್ಲ, ನೋಡಲೇ ಇಲ್ಲ. ಗೌರವವು ಕಣ್ಣನ್ನು ಮುಚ್ಚಿಸಿದರೆ ಅದು ಗೌರವವಲ್ಲ, ಭಯ.

ಉಡುಪಿನ ವಿಷಯವನ್ನು ಗೋಲ್ಡ್‌ಸ್ಮಿತ್ ಬಹಳ ಜಾಣತನದಿಂದ ಹೊಂದಿಸಿದ್ದಾನೆ. ತಂದೆಗೂ ಮಗಳಿಗೂ ಮೊದಲೇ ಒಂದು ಒಪ್ಪಂದವಿದೆ. ಬೆಳಗಿನ ಹೊತ್ತು ಅವಳು ತನಗೆ ಇಷ್ಟವಾದ ನಾಗರಿಕ ರೇಷ್ಮೆಯುಡುಪಿನಲ್ಲಿರಬಹುದು. ಸಂಜೆ ತಂದೆಯ ಮನಸ್ಸಿಗೆ ಒಪ್ಪುವಂತೆ ಗೃಹಿಣಿಯ ಸಾದಾ ಉಡುಪನ್ನು ತೊಡಬೇಕು. ಆ ಸಂಜೆಯ ಉಡುಪನ್ನು ಕಂಡೇ ಮಾರ್ಲೋ ಅವಳನ್ನು ವಸತಿಗೃಹದ ಸೇವಕಿಯೆಂದು ಭಾವಿಸುತ್ತಾನೆ. ಅಂದರೆ ಅವಳು ವೇಷ ಹಾಕಲೇ ಇಲ್ಲ. ತನ್ನ ಮನೆಯಲ್ಲಿ, ತನ್ನದೇ ಬಟ್ಟೆಯಲ್ಲಿದ್ದಳು. ವೇಷವನ್ನು ಕಂಡದ್ದು ಅವನ ಕಣ್ಣು. ಗದ್ವಾಲ ಸೀರೆಯನ್ನು ಬಲ್ಲ ನಮ್ಮ ತಾಯಂದಿರಿಗೆ ಕೇಟಳ ಸ್ವಭಾವವನ್ನು ಒಂದೇ ಮಾತಿನಲ್ಲಿ ತಿಳಿಸಬಹುದು: ಒಡಲು ಹತ್ತಿ, ಅಂಚು ಸೆರಗು ರೇಷ್ಮೆ. ಎರಡೂ ಸೇರಿ ಒಂದು ಸೀರೆ. ಮಾರ್ಲೋ ಒಮ್ಮೆ ರೇಷ್ಮೆಯನ್ನಷ್ಟೇ ಕಂಡು ಹೆದರಿದನು, ಒಮ್ಮೆ ಹತ್ತಿಯನ್ನಷ್ಟೇ ಕಂಡು ಸಲುಗೆ ವಹಿಸಿದನು.

ಈ ನಾಟಕದ ಬಗೆಗೆ ಬರೆಯುವವರು ಸಾಮಾನ್ಯವಾಗಿ ಕೇಟಳ ಎರಡು ರೂಪಗಳನ್ನು ಹೇಳಿ ಮುಗಿಸುತ್ತಾರೆ. ನಮ್ಮ ದೃಷ್ಟಿಯಲ್ಲಿ ರೂಪಗಳು ಮೂರು, ಮತ್ತು ನಡುವಿನದೇ ಮುಖ್ಯವಾದುದು. ಸೇವಕಿಯೆಂದು ತಿಳಿದಾಗ ಅವನ ಮಾತು ಹರಿಯುತ್ತದೆ, ಆದರೆ ಕೈಯೂ ಮುಂದಾಗುತ್ತದೆ, ಅಲ್ಲಿ ಗೌರವವಿಲ್ಲ. ನಾಲ್ಕನೆಯ ಅಂಕದಲ್ಲಿ, ಇದು ವಸತಿಗೃಹವಲ್ಲ, ಹಾರ್ಡ್‌ಕ್ಯಾಸಲನ ಮನೆ ಎಂದು ಅವಳೇ ತಿಳಿಸಿ, ತಾನು ಮಾತ್ರ ಮನೆಯ ಬಡ ನೆಂಟರ ಹುಡುಗಿಯೆಂದು ಹೇಳಿಕೊಳ್ಳುತ್ತಾಳೆ. ಆಗ ಅವನು ನಾಚಿ ಕುಗ್ಗುತ್ತಾನೆ. ಹೊರಟುಹೋಗಲು ನಿಶ್ಚಯಿಸುತ್ತಾನೆ. ಅವಳು ಕಣ್ಣೀರು ತಂದುಕೊಂಡಾಗ ಅವನ ಮನಸ್ಸು ಕರಗುತ್ತದೆ. ಕುಲ, ಹಣ, ವಿದ್ಯೆಗಳ ಅಂತರದಿಂದ ಮದುವೆ ಸಾಧ್ಯವಿಲ್ಲ, ಆದರೆ ನಂಬಿದವಳನ್ನು ಕೆಡಿಸುವುದು ತನ್ನಿಂದಾಗದು ಎಂದು ಬಿಚ್ಚಿ ಹೇಳುತ್ತಾನೆ. ಮೊದಲ ಬಾರಿಗೆ ಅವನ ಬಾಯಲ್ಲಿ ಸಲುಗೆಯೂ ಗೌರವವೂ ಕೂಡಿ ಬಂದ ಮಾತು ಇದು. ಕೇಟ್ ತನ್ನ ಮನಸ್ಸನ್ನು ಗಟ್ಟಿ ಮಾಡಿಕೊಳ್ಳುವುದು ಇಲ್ಲಿ. ಐದನೆಯ ಅಂಕದಲ್ಲಿ ಇಬ್ಬರು ತಂದೆಯರೂ ಪರದೆಯ ಹಿಂದೆ ನಿಂತು ಕೇಳುತ್ತಿರುವಾಗ ಅವನು ಅಂತಸ್ತನ್ನೆಲ್ಲ ಬದಿಗಿಟ್ಟು ಬಡ ಹುಡುಗಿಯ ಮುಂದೆ ಮಂಡಿಯೂರುತ್ತಾನೆ. ತಗ್ಗಿ ಗೆಲ್ಲುವವಳು ಅವಳೆಂದು ಹೆಸರು ಹೇಳುತ್ತದೆ. ಕೊನೆಗೆ ತಗ್ಗುವುದನ್ನು ಕಲಿತವನು ಅವನು.

ಈಗ ಹೆಸರಿನ ವಿಚಾರ. ಮೂಲದ ಹೆಸರಿನಲ್ಲಿ ತಗ್ಗುವಿಕೆ, ಗೆಲುವು ಎರಡೂ ಇವೆ. ಆಚಾರ್ಯರ ‘ವಶೀಕರಣ’ದಲ್ಲಿ ಗೆಲುವು ಉಳಿದು ತಗ್ಗುವಿಕೆ ಬಿಟ್ಟುಹೋಯಿತು. ಕನ್ನಡ ಕಿವಿಗೆ ಈ ಹೆಸರು ತಕ್ಷಣ ಹಿಡಿಸುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ನಾಟಕದ ಹೆಸರಿಗೆ ಅದು ದೊಡ್ಡ ಗುಣ. ಆದರೆ ವಶೀಕರಣವೆಂದರೆ ನಮ್ಮ ಜನರಿಗೆ ಮಂತ್ರ, ತಾಯಿತ, ಮದ್ದುಗಳ ನೆನಪು. ಕೇಟ್ ಯಾವ ಮದ್ದನ್ನೂ ಹಾಕಲಿಲ್ಲ. ಅವನಲ್ಲಿ ಇಲ್ಲದುದನ್ನು ಹುಟ್ಟಿಸಲಿಲ್ಲ, ಇದ್ದುದನ್ನು ಹೊರಗೆ ತಂದಳು. ಹೆಸರೊಂದರಿಂದಲೇ ಹೇಳುವುದಾದರೆ, ಇಂಗ್ಲಿಷ್ ಹೆಸರು ಹುಡುಗಿಯ ವಿವೇಕವನ್ನು ಹೊಗಳಿದರೆ ಕನ್ನಡದ ಹೆಸರು ಅವಳ ಮೋಡಿಯನ್ನು ಹೊಗಳುತ್ತದೆ.

ತಗ್ಗುವಿಕೆಯ ವಿಷಯದಲ್ಲಿ ನಮ್ಮ ಜನಪದದ ಅನುಭವವೂ ಬೇರೆಯೇ ಆಗಿದೆ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎಂಬುದು ನಮ್ಮ ಗಾದೆ. ತಗ್ಗಿದವರು ಗೆಲ್ಲುವುದನ್ನು ನಮ್ಮವರು ದೇವರ ಕಥೆಗಳಲ್ಲಿ ಮಾತ್ರ ಕಂಡರು. ಶ್ರೀನಿವಾಸ ಕಲ್ಯಾಣದಲ್ಲಿ ಸಾಕ್ಷಾತ್ ಶ್ರೀನಿವಾಸನೇ ಕೊರವಂಜಿಯ ವೇಷ ತಾಳಿ ಬುಟ್ಟಿ ಹೊತ್ತು ಪದ್ಮಾವತಿಯ ತವರಿಗೆ ಹೋಗುತ್ತಾನೆ. ಕಾಳಿದಾಸನ ಕುಮಾರಸಂಭವದಲ್ಲಿ ಶಿವನು ಬ್ರಹ್ಮಚಾರಿಯಾಗಿ ಬಂದು ಪಾರ್ವತಿಯ ಮನಸ್ಸನ್ನು ಪರೀಕ್ಷಿಸುತ್ತಾನೆ. ಎರಡು ಕಡೆಯೂ ವೇಷ ತೊಡುವವನು ವರ. ಗೋಲ್ಡ್‌ಸ್ಮಿತ್ ಅದನ್ನು ತಿರುವಿದ್ದಾನೆ: ಪರೀಕ್ಷಕಿ ಹುಡುಗಿ, ಪರೀಕ್ಷೆಗೆ ಕುಳಿತವನು ಹುಡುಗ. ಹಾಡು ಹೇಳಿಸಿ, ನಡೆಸಿ ನೋಡಿ, ಅಡುಗೆ ಬರುವುದೇ ಎಂದು ಕೇಳಿ ಹೆಣ್ಣಿಗೆ ಅಂಕ ಹಾಕುತ್ತ ಬಂದ ಸಮಾಜಕ್ಕೆ ಈ ತಿರುವು ಸಣ್ಣದಲ್ಲ.

ಇಂಗ್ಲಿಷರಲ್ಲಿ ಇಂತಹ ಪ್ರಣಯ ವಿನೋದ ನಾಟಕಗಳ ದೊಡ್ಡ ಪರಂಪರೆಯೇ ಇದೆ. 1700ರಲ್ಲಿ ಬಂದ ಕಾಂಗ್ರೀವ್‌ನ ‘ದಿ ವೇ ಆಫ್ ದಿ ವರ್ಲ್ಡ್’ ನಾಟಕದ ಪ್ರಸಿದ್ಧ ದೃಶ್ಯವೊಂದರಲ್ಲಿ ಗಂಡೂ ಹೆಣ್ಣೂ ಎದುರೆದುರು ಕುಳಿತು ಮದುವೆಗೆ ಮುನ್ನ ತಮ್ಮ ತಮ್ಮ ಕರಾರುಗಳನ್ನು ಒಂದೊಂದಾಗಿ ಹೇಳಿಕೊಳ್ಳುತ್ತಾರೆ. 1775ರಲ್ಲಿ ಶೆರಿಡನ್‌ನ ‘ದಿ ರೈವಲ್ಸ್’, 1895ರಲ್ಲಿ ಆಸ್ಕರ್ ವೈಲ್ಡ್‌ನ ‘ದಿ ಇಂಪಾರ್ಟೆನ್ಸ್ ಆಫ್ ಬೀಯಿಂಗ್ ಅರ್ನೆಸ್ಟ್’ ಇದೇ ಸಾಲಿನವು. ಈ ನಾಟಕಗಳಿಗೆಲ್ಲ ಬೇಕಾದ ಒಂದು ನೆಲೆಯಿದೆ: ಬೇಕು ಅಥವಾ ಬೇಡ ಎಂದು ಹೇಳುವ ಬಾಯಿ ಹುಡುಗಿಗೆ ಇರಬೇಕು. ಹಾರ್ಡ್‌ಕ್ಯಾಸಲನು ವರನನ್ನು ತಾನೇ ಆರಿಸಿದರೂ, ಮಗಳ ಮನಸ್ಸಿಗೆ ಒತ್ತಾಯ ಮಾಡುವುದಿಲ್ಲವೆಂದು ಮೊದಲೇ ಮಾತು ಕೊಟ್ಟಿದ್ದಾನೆ. ನಾಟಕದ ನಗೆಯೆಲ್ಲ ಆ ಮಾತಿನ ಮೇಲೆ ನಿಂತಿದೆ.

ನಮ್ಮಲ್ಲಿ ಆ ನೆಲೆ ಇರಲಿಲ್ಲ. ಆದುದರಿಂದ ನಮ್ಮ ಮೊದಲ ಸಾಮಾಜಿಕ ಪ್ರಹಸನಗಳು ಪ್ರಣಯದ ಬಗೆಗೆ ಅಲ್ಲ, ಮದುವೆಯ ವ್ಯಾಪಾರದ ಬಗೆಗೆ ಹುಟ್ಟಿದವು. 1887ರಲ್ಲಿ ಉತ್ತರ ಕನ್ನಡದ ಹವ್ಯಕ ಸಮಾಜದಿಂದ ಬಂದ ಸೂರಿ ವೆಂಕಟರಮಣ ಶಾಸ್ತ್ರಿಗಳ ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ’ದ ವಸ್ತು ಕನ್ಯಾವಿಕ್ರಯ. 1892ರಲ್ಲಿ ವಿಜಯನಗರಂನಲ್ಲಿ ಮೊದಲು ಆಡಿ, 1897ರಲ್ಲಿ ಅಚ್ಚಾದ ಗುರಜಾಡ ಅಪ್ಪಾರಾವ್ ಅವರ ತೆಲುಗು ನಾಟಕ ‘ಕನ್ಯಾಶುಲ್ಕಂ’ನ ವಸ್ತುವೂ ಅದೇ. ಅಲ್ಲಿ ಮುದುಕ ಲುಬ್ಧಾವಧಾನಿಗೆ ಮಾರಲು ಗೊತ್ತಾದ ಸುಬ್ಬಿ ಇನ್ನೂ ಮಗು. ಅವಳು ಬೇಕು ಬೇಡ ಹೇಳುವ ಮಾತೇ ಇಲ್ಲ. ಅವಳನ್ನು ಉಳಿಸಲು ಬೇರೆಯವರು ಗಂಡು ಹುಡುಗನಿಗೆ ಹೆಣ್ಣುವೇಷ ಹಾಕಿ ಮುದುಕನಿಗೆ ಕಟ್ಟಬೇಕಾಗುತ್ತದೆ. ಕೇಟ್ ತನ್ನ ವೇಷವನ್ನು ತಾನೇ ತೊಟ್ಟಳು, ಸುಬ್ಬಿಯ ಪರವಾಗಿ ಇನ್ನೊಬ್ಬರು ತೊಡಬೇಕಾಯಿತು. ಎರಡು ಸಮಾಜಗಳ ಅಂತರ ಇಷ್ಟರಲ್ಲಿಯೇ ತಿಳಿಯುತ್ತದೆ. ಬಾಲ್ಯವಿವಾಹ ನಿರ್ಬಂಧದ ಶಾರದಾ ಕಾಯಿದೆ ಬಂದದ್ದೇ 1929ರಲ್ಲಿ. ಮುಂದೆ ಕೈಲಾಸಂ ಅವರು ‘ತಾಳಿ ಕಟ್ಟೋಕ್ಕೂಲೀನೇ’ ಬರೆದಾಗ ಕನ್ಯಾಶುಲ್ಕದ ಜಾಗಕ್ಕೆ ವರದಕ್ಷಿಣೆ ಬಂದಿತ್ತು. ಹಣದ ದಿಕ್ಕು ಬದಲಾಗಿತ್ತು, ಹೆಣ್ಣಿನ ಮೌನ ಬದಲಾಗಿರಲಿಲ್ಲ.

ಹಣದ ಲೆಕ್ಕ ಇಂಗ್ಲಿಷರಲ್ಲಿ ಇರಲಿಲ್ಲವೆಂದು ಯಾರೂ ತಿಳಿಯಬಾರದು. ಇದೇ ನಾಟಕದ ಉಪಕಥೆಯಲ್ಲಿ ಕಾನ್‌ಸ್ಟನ್ಸ್ ಎಂಬ ತಂದೆಯಿಲ್ಲದ ಹುಡುಗಿಯ ಒಡವೆಗಳೆಲ್ಲ ಹಾರ್ಡ್‌ಕ್ಯಾಸಲನ ಹೆಂಡತಿಯ ಪೆಟ್ಟಿಗೆಯಲ್ಲಿವೆ. ಆ ಒಡವೆ ಹೊರಗೆ ಹೋಗಬಾರದೆಂದು ಆಕೆ ಅವಳನ್ನು ತನ್ನ ಮಗ ಟೋನಿಗೆ ತಂದುಕೊಳ್ಳಬೇಕೆಂದಿದ್ದಾಳೆ. ಹುಡುಗನಿಗೆ ಹುಡುಗಿ ಬೇಡ, ಹುಡುಗಿಗೆ ಹುಡುಗ ಬೇಡ. ಅವಳ ಮನಸ್ಸು ಹೇಸ್ಟಿಂಗ್ಸನಲ್ಲಿದೆ. ಟೋನಿಗೆ ಪ್ರಾಪ್ತ ವಯಸ್ಸು ಬಂದಿರುವುದನ್ನೂ ತಾಯಿ ಅವನಿಂದ ಮುಚ್ಚಿಟ್ಟಿದ್ದಾಳೆ. ಅತಿಮುದ್ದಿನಿಂದ ಅವನಿಗೆ ಓದು ಹತ್ತಿಲ್ಲ. ತನ್ನ ಹೆಸರಿಗೆ ಬಂದ ಪತ್ರದ ಹೊರ ವಿಳಾಸವನ್ನು ಓದಬಲ್ಲ, ಒಳಗಿನದನ್ನು ಓದಲಾರ. ಶಾಲೆಯಲ್ಲಿ ಬಾಳು ಸವೆಸಿದ ನಮ್ಮಂಥವರಿಗೆ ಈ ದೃಶ್ಯ ನಗೆಯ ಜೊತೆಗೆ ಸಂಕಟವನ್ನೂ ತರುತ್ತದೆ. ಆದರೂ ನಾಟಕದಲ್ಲಿ ಎಲ್ಲರ ಗಂಟನ್ನು ಬಿಡಿಸುವವನು ಈ ಓದದ ಹುಡುಗನೇ. ವಯಸ್ಸು ಬಂದಿದೆಯೆಂದು ಮಲತಂದೆ ತಿಳಿಸಿದ ಕೂಡಲೇ, ಈ ಮದುವೆ ತನಗೆ ಬೇಡವೆಂದು ಅವನು ಎಲ್ಲರ ಮುಂದೆ ಹೇಳಿಬಿಡುತ್ತಾನೆ. ಒಂದು ‘ಬೇಡ’ದಿಂದ ಮೂವರು ಬಿಡುಗಡೆ ಹೊಂದುತ್ತಾರೆ.

ಗುಣವನ್ನು ಹೇಳಿದ ಮೇಲೆ ದೋಷವನ್ನೂ ಹೇಳುವುದು ವಿಮರ್ಶೆಯ ಧರ್ಮ. ಮಾರ್ಲೋ ಸೇವಕಿಯೆಂದು ತಿಳಿದವಳೊಡನೆ ನಡೆದುಕೊಂಡ ರೀತಿಯನ್ನು ನಾಟಕವು ನಗೆಯಲ್ಲಿ ತೇಲಿಸಿ ಕ್ಷಮಿಸಿಬಿಡುತ್ತದೆ. ಅವಳು ನಿಜವಾಗಿ ಕೇಟ್ ಆಗಿದ್ದುದರಿಂದ ಎಲ್ಲವೂ ಸುಖಾಂತವಾಯಿತು. ಅವಳು ನಿಜವಾಗಿಯೂ ಸೇವಕಿಯಾಗಿದ್ದರೆ? ಆ ಹುಡುಗಿಗೆ ಎದ್ದು ನಿಲ್ಲಲು ರೇಷ್ಮೆಯುಡುಪು ಇಲ್ಲ, ಪರದೆಯ ಹಿಂದೆ ತಂದೆಯೂ ಇಲ್ಲ. ಕೇಟ್ ತಗ್ಗಬಲ್ಲಳು, ಏಕೆಂದರೆ ಬೇಕಾದಾಗ ಏಳಬಲ್ಲಳು. ಈ ವಿಷಯದಲ್ಲಿ ಗುರಜಾಡರು ಹೆಚ್ಚು ನಿಷ್ಠುರರು. ಅವರ ಮಧುರವಾಣಿ ವೇಶ್ಯೆ. ಬುದ್ಧಿಯಲ್ಲಿ ಕೇಟಳಿಗೆ ಸಮಾನಳು, ಗಂಡಸಿನ ವೇಷವನ್ನೂ ತೊಡುತ್ತಾಳೆ, ಅನ್ಯಾಯವನ್ನು ತಪ್ಪಿಸಲು ನೆರವಾಗುತ್ತಾಳೆ. ಆದರೆ ಅವಳಿಗೆ ಕೊನೆಯಲ್ಲಿ ಮದುವೆಯ ಮಂಟಪವಿಲ್ಲ. ಗೋಲ್ಡ್‌ಸ್ಮಿತ್‌ನ ನಗೆ ಹೆಚ್ಚು ಸಿಹಿ, ಗುರಜಾಡರ ನಗೆ ಹೆಚ್ಚು ಸತ್ಯ. ಎರಡನ್ನೂ ಓದಿದವನು ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬಿಕೊಳ್ಳಬಹುದು. ಗಡಿಯಲ್ಲಿರುವ ನಮಗೆ ಎರಡು ಭಾಷೆಗಳ ಫಲ ದೊರೆತಿರುವುದು ಭಾಗ್ಯವೇ ಸರಿ.

ಇನ್ನು ನಮ್ಮ ನೆಲದ ಮಾತಿಗೆ ಬರೋಣ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹೈದರಾಬಾದ್ ರಾಜ್ಯವು ಹಂಚಿಹೋದಾಗ ರಾಯಚೂರು ಮೈಸೂರಿಗೆ ಸೇರಿತು, ಪಾಲಮೂರು ಸೀಮೆ ಆಂಧ್ರಪ್ರದೇಶಕ್ಕೆ ಸೇರಿತು. ಅಂದಿನಿಂದ ನಮ್ಮ ಕನ್ನಡಕ್ಕೆ ಮನೆಯೇ ಮುಖ್ಯ ಆಶ್ರಯವಾಗಿದೆ. ಅದರಿಂದ ಒಂದು ವಿಚಿತ್ರ ಪರಿಣಾಮವಾಗಿದೆ. ಅಜ್ಜಿಯೊಡನೆ, ದನದ ಕೊಟ್ಟಿಗೆಯವನೊಡನೆ, ಅಡುಗೆಮನೆಯಲ್ಲಿ ಆಡುವ ಮಾತು ಕನ್ನಡ. ಬೀಗರು ಬಂದ ಕೂಡಲೇ, ಅವರೂ ಕನ್ನಡದವರೇ ಆಗಿದ್ದರೂ, ಪಡಸಾಲೆಯಲ್ಲಿ ಇಂಗ್ಲಿಷು ಎದ್ದು ಕೂಡುತ್ತದೆ. ಹುಡುಗನ ಸಂಬಳ, ಹುಡುಗಿಯ ಪದವಿ, ಎರಡೂ ಇಂಗ್ಲಿಷಿನಲ್ಲಿಯೇ ಹೇಳಲ್ಪಡಬೇಕು. ಹುಡುಗ ಹುಡುಗಿಯನ್ನು ಐದು ನಿಮಿಷ ಮಾತನಾಡಲು ಬಿಟ್ಟರೆ ಇಬ್ಬರೂ ಸಂದರ್ಶನಕ್ಕೆ ಕುಳಿತವರಂತೆ ಪ್ರಶ್ನೋತ್ತರ ಮುಗಿಸಿ ಹೊರಬರುತ್ತಾರೆ. ಮಾರ್ಲೋನ ಮೊದಲ ಭೇಟಿಗೂ ಇದಕ್ಕೂ ಎಷ್ಟು ಅಂತರ? ಯಾವ ಮಾತಿನಲ್ಲಿ ನಾವು ಸಂಕೋಚವಿಲ್ಲದೆ ನಗುತ್ತೇವೆಯೋ, ಜಗಳವಾಡುತ್ತೇವೆಯೋ, ಅಳುತ್ತೇವೆಯೋ ಆ ಮಾತನ್ನೇ ಕೆಳಗಿನದೆಂದು ಒಳಗೆ ಬಚ್ಚಿಡುತ್ತೇವೆ. ಅಂಜಿಕೆ ಹುಟ್ಟಿಸುವ ಮಾತನ್ನು ಮೇಲಿನದೆಂದು ಹೊರಗೆ ತೊಡುತ್ತೇವೆ.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಹಿರಿಯರು ಹೇಳಿದ್ದಾರೆ. ಆ ಸುಳ್ಳುಗಳಲ್ಲಿ ಬಹಳಷ್ಟು ಪಡಸಾಲೆಯ ಮಾತಿನಲ್ಲಿಯೇ ಹುಟ್ಟುತ್ತವೆ. ಕೇಟ್ ನಮಗೆ ಹೇಳಿಕೊಡುವ ಉಪಾಯ ಸರಳವಾಗಿದೆ. ಹುಡುಗನು ಭಾವೀ ಮಾವನೊಡನೆ ಹೇಗೆ ಮಾತನಾಡುತ್ತಾನೆಂದು ನೋಡಿದರೆ ಸಾಲದು. ನೀರು ತಂದುಕೊಟ್ಟವರೊಡನೆ, ಆಟೋ ನಡೆಸುವವನೊಡನೆ, ಎಲೆ ಎತ್ತುವವಳೊಡನೆ ಹೇಗೆ ಮಾತನಾಡುತ್ತಾನೆ ಎಂಬುದನ್ನು ಹುಡುಗಿ ತಾನೇ ಕಿವಿಯಾರೆ ಕೇಳಲಿ. ಇದೇ ಪರೀಕ್ಷೆ ಹುಡುಗಿಗೂ ಸಲ್ಲತಕ್ಕದ್ದು. ಗೌರವ ಕೊಡಲೇಬೇಕಾದವರಿಗೆ ಕೊಡುವ ಗೌರವದಿಂದ ಮನುಷ್ಯನ ಭಯ ತಿಳಿಯುತ್ತದೆ, ಕೊಡದಿದ್ದರೂ ನಡೆಯುವವರಿಗೆ ಕೊಡುವ ಗೌರವದಿಂದ ಅವನ ಗುಣ ತಿಳಿಯುತ್ತದೆ.

ಈ ನಾಟಕವನ್ನು ನಮ್ಮ ಸಂಘದ ಯುವಕ ಯುವತಿಯರು ಮುಂದಿನ ಸಮ್ಮೇಳನದಲ್ಲಿ ನಮ್ಮ ಸೀಮೆಯ ಮಾತಿನಲ್ಲಿ ಆಡಬಹುದೆಂದು ನಮಗೆ ಅನಿಸುತ್ತದೆ. ಹೆಂಡದಂಗಡಿಯ ಬದಲು ಬಸ್ ನಿಲ್ದಾಣದ ಚಹಾದಂಗಡಿಯಾಗಲಿ. ಮಾರ್ಲೋ ಹೈದರಾಬಾದಿನಿಂದ ಬರುವ ನೌಕರಿಯ ಹುಡುಗನಾಗಲಿ. ಮೊಬೈಲಿನಲ್ಲಿ ನಕ್ಷೆ ನೋಡಿಕೊಂಡು ಬರುವವನು ದಾರಿ ತಪ್ಪುವುದುಂಟೇ ಎಂದು ಮಕ್ಕಳು ಕೇಳಿಯಾರು. ನಕ್ಷೆಯಲ್ಲಿ ಊರು ಸಿಗುತ್ತದೆ, ಓಣಿ ಸಿಗುತ್ತದೆ. ಮನೆಯವರು ಎಂಥವರೆಂಬುದು ಸಿಗುವುದಿಲ್ಲ. ಆ ತಪ್ಪು ತಿಳಿವಳಿಕೆಗೆ ಇಂದಿಗೂ ಬೇಕಾದಷ್ಟು ಅವಕಾಶವಿದೆ.

ಕನ್ನಡದಲ್ಲಿ ಆಡುವಾಗ ಈ ನಾಟಕಕ್ಕೆ ಮೂಲದಲ್ಲಿ ಇಲ್ಲದ ಒಂದು ಲಾಭವೂ ಇದೆ. ಗೋಲ್ಡ್‌ಸ್ಮಿತ್‌ನ ಕಾಲಕ್ಕೆ ಇಂಗ್ಲಿಷಿನ ಶಿಷ್ಟ ಮಾತಿನಲ್ಲಿ ಒಡತಿಗೂ ಸೇವಕಿಗೂ ಸಂಬೋಧನೆ ಒಂದೇ ಆಗಿಹೋಗಿತ್ತು. ನಮ್ಮಲ್ಲಿ ಹಾಗಲ್ಲ. ರೇಷ್ಮೆಯ ಕೇಟಳ ಮುಂದೆ ನಮ್ಮ ಮಾರ್ಲೋ ‘ತಾವು’ ಎನ್ನುತ್ತ ತೊದಲುತ್ತಾನೆ. ಸೇವಕಿಯೆಂದು ತಿಳಿದಾಗ ‘ಏನೇ, ನೀನು’ ಎಂದು ಸಲೀಸಾಗಿ ಕರೆಯುತ್ತಾನೆ. ಬಡ ನೆಂಟರ ಹುಡುಗಿಯೆಂದು ತಿಳಿದ ಕ್ಷಣ ಆ ‘ನೀನು’ ತಡವರಿಸಿ ‘ನೀವು’ ಆಗುತ್ತದೆ. ಅವನ ಮನಸ್ಸು ಬದಲಾದುದನ್ನು ಪ್ರೇಕ್ಷಕರು ಒಂದು ಸರ್ವನಾಮದಲ್ಲಿಯೇ ಕೇಳಬಲ್ಲರು. ಮೂಲದ ನಟನು ಮುಖಭಾವದಿಂದ ತೋರಿಸಬೇಕಾದುದನ್ನು ನಮ್ಮ ಭಾಷೆ ತಾನಾಗಿ ತೋರಿಸುತ್ತದೆ. ತೆಲುಗಿನಲ್ಲಿಯೂ ‘ನುವ್ವು’, ‘ಮೀರು’ಗಳಿಂದ ಇದು ಸಾಧ್ಯವೆಂಬುದನ್ನು ನಮ್ಮ ನೆರೆಯವರು ಒಪ್ಪುತ್ತಾರೆ.

ಹಾಗಾದರೆ ಕೊನೆಯ ದೃಶ್ಯದಲ್ಲಿ, ಎಲ್ಲ ತಿಳಿದ ಮೇಲೆ, ಮಾರ್ಲೋ ಕೇಟಳನ್ನು ಏನೆಂದು ಕರೆಯಬೇಕು? ‘ತಾವು’ ಎಂದರೆ ಮತ್ತೆ ಭಯ ಬಂದಂತೆ. ‘ನೀವು’ ಎಂದರೆ ಸರಿಯೇ, ಆದರೆ ಇನ್ನೂ ಪಡಸಾಲೆ ದಾಟಿದಂತಲ್ಲ. ಅವನು ಮತ್ತೆ ‘ನೀನು’ ಎನ್ನಬೇಕೆಂಬುದು ನಮ್ಮ ಸೂಚನೆ. ಸೇವಕಿಯನ್ನು ಕರೆದಾಗ ಅದು ಅಲಕ್ಷ್ಯದ ‘ನೀನು’ ಆಗಿತ್ತು. ಈಗ ಅದೇ ಶಬ್ದ ಆಪ್ತತೆಯ ‘ನೀನು’ ಆಗಿದೆ. ನಮ್ಮ ಮನೆಮಾತಿನಲ್ಲಿ ತಾಯಿಯನ್ನು ನಾವು ‘ನೀನು’ ಎಂದೇ ಕರೆಯುತ್ತೇವೆ, ದೇವರನ್ನು ‘ನೀನು’ ಎಂದೇ ಬೇಡುತ್ತೇವೆ. ಒಂದೇ ಶಬ್ದ ಕೆಳಗಿನದೂ ಆಗಬಲ್ಲದು, ಅತ್ಯಂತ ಹತ್ತಿರದ್ದೂ ಆಗಬಲ್ಲದು. ಅದು ಆಡುವವನ ಮನಸ್ಸನ್ನು ಅವಲಂಬಿಸಿದೆ. ಮನೆಮಾತಿನ ವಿಷಯದಲ್ಲಿಯೂ ಇದೇ ನ್ಯಾಯ. ಅದನ್ನು ಸೇವಕಿಯೆಂದು ಕಂಡ ಮನೆಯಲ್ಲಿ ಅದು ಹಿತ್ತಿಲಿನಲ್ಲಿಯೇ ಉಳಿಯುತ್ತದೆ. ಮನೆಮಗಳೆಂದು ಕಂಡ ಮನೆಯಲ್ಲಿ ಬೀಗರ ಮುಂದೆಯೂ ಬಂದು ಕೂಡುತ್ತದೆ. ಮುಂದಿನ ಸಲ ಮನೆಗೆ ಬೀಗರು ಬಂದಾಗ ಮೊದಲ ಮಾತನ್ನು ಕನ್ನಡದಲ್ಲಿ ಆಡಿ ನೋಡಬೇಕೆಂದು ಸಂಘದ ಸದಸ್ಯರಲ್ಲಿಯೂ ಅವರ ಕುಟುಂಬದವರಲ್ಲಿಯೂ ನಮ್ಮ ವಿನಂತಿ.